ಮಂಡೆಬಿಸಿ ಆರಿಸಲು ಯಾವ ದಾರಿ? ಬರವಣಿಗೆ, ಉಸಿರು, ಜಪ, ನಡಿಗೆ, ಡಾಕ್ಟರು: ಒಂದು ಹೋಲಿಕೆ

ರಾತ್ರಿ ಹತ್ತೂವರೆಗೆ ಮಲಗಿದವರಿಗೆ ಹನ್ನೆರಡೂವರೆಯಾದರೂ ಕಣ್ಣು ಹತ್ತಿರುವುದಿಲ್ಲ. ಬ್ಯಾಂಕಿನಲ್ಲಿ ಅಡವಿಟ್ಟ ಚಿನ್ನದ ಗಡುವು, ಮಗಳ ಜಾತಕ ಕೊಂಡುಹೋದವರಿಂದ ಬಾರದ ಉತ್ತರ, ಪಿಎಸ್‌ಸಿ ಪರೀಕ್ಷೆಯಲ್ಲಿ ತಪ್ಪು ಬರೆದೆನೋ ಎಂಬ ಒಂದು ಪ್ರಶ್ನೆ, ಗಲ್ಫಿನಲ್ಲಿರುವ ಮಗ ಎರಡು ದಿನದಿಂದ ಫೋನ್ ಮಾಡದಿರುವುದು. ಒಂದು ಮುಗಿಯಿತೆನ್ನುವಾಗ ಇನ್ನೊಂದು ಎದ್ದು ಕೂರುತ್ತದೆ. ಕಾಸರಗೋಡು, ಮಂಜೇಶ್ವರದ ಕಡೆ ಇದಕ್ಕೆ ಮಂಡೆಬಿಸಿ ಎನ್ನುತ್ತೇವೆ. ಒಂದು ದಿನದ್ದಾದರೆ ಬಂದ ಹಾಗೆ ಹೋಗುತ್ತದೆ. ತಿಂಗಳುಗಟ್ಟಲೆ ಹೀಗೇ ನಡೆದರೆ ಏನು ಮಾಡುವುದೆಂದು ತಿಳಿಯದೆ ಜನ ಸೋಲುತ್ತಾರೆ.

ಸಲಹೆಗೇನೂ ಬರವಿಲ್ಲ. ಒಬ್ಬರು ಪ್ರಾಣಾಯಾಮ ಎನ್ನುತ್ತಾರೆ, ಒಬ್ಬರು ನೂರೆಂಟು ಜಪ, ಒಬ್ಬರು ದಿನಾ ನಡೆಯಿರಿ, ಇನ್ನೊಬ್ಬರು ಮಂಗಳೂರಿಗೆ ಹೋಗಿ ಡಾಕ್ಟರಿಗೆ ತೋರಿಸಿ. ನಾಲ್ಕನ್ನೂ ನಾಲ್ಕು ದಿನ ಮಾಡಿ ಬಿಟ್ಟು, ‘ನನಗೆ ಯಾವುದೂ ಆಗಿ ಬರುವುದಿಲ್ಲ’ ಎಂದು ಕುಳಿತವರು ಬಹಳ. ಅವರಲ್ಲಿ ಹೆಚ್ಚಿನವರ ದಾರಿ ತಪ್ಪಾಗಿರಲಿಲ್ಲ. ಒಂದು ಬಗೆಯ ಯೋಚನೆಗೆ ಇನ್ನೊಂದು ಬಗೆಯ ಮದ್ದು ಹಾಕಿದ್ದರು, ಅಷ್ಟೆ.

ಹೋಲಿಕೆಗೆ ಇಳಿಯುವ ಮೊದಲು ಒಂದು ಮಾತು. ‘ನಾನಿಲ್ಲದಿದ್ದರೆ ಒಳ್ಳೆಯದಿತ್ತು’ ಎಂಬ ಯೋಚನೆ ಬರುತ್ತಿದ್ದರೆ ಇದನ್ನು ಓದುತ್ತಾ ಕೂರಬೇಡಿ. ಮನೆಯಲ್ಲಿ ಒಬ್ಬರಿಗೆ ಹೇಳಿ, ಸರಕಾರದ ಉಚಿತ ಸಹಾಯವಾಣಿ ಟೆಲಿ ಮಾನಸ್‌ಗೆ, 14416ಕ್ಕೆ, ಫೋನ್ ಮಾಡಿ, ಹತ್ತಿರದ ಆಸ್ಪತ್ರೆಯ ಕ್ಯಾಶುವಾಲ್ಟಿಗೆ ಹೋಗಿ. ಮನೆಯವರು ತೋಟದ ಕೀಟನಾಶಕ, ಕಳೆನಾಶಕಗಳನ್ನು ಬೀಗದೊಳಗಿಟ್ಟು ಬೀಗದ ಕೈಯನ್ನು ತಮ್ಮಲ್ಲಿ ಇಟ್ಟುಕೊಳ್ಳಬೇಕು. ಉಳಿದದ್ದೆಲ್ಲ ಆಮೇಲಿನ ಮಾತು.

ಆರಿಸುವ ಮುನ್ನ ಅಳೆಯಬೇಕಾದದ್ದು

ಮೊದಲನೆಯದು, ಯೋಚನೆಯ ಜಾತಿ. ಆಟಿ ತಿಂಗಳಲ್ಲಿ ಮಳೆ ಬಿಡುತ್ತಿಲ್ಲ, ಅಡಿಕೆಗೆ ಎರಡನೇ ಮದ್ದು ಬಿಟ್ಟಾಗಿಲ್ಲ, ಕೊಳೆರೋಗದ ಹೆದರಿಕೆ ಎಂದಿಟ್ಟುಕೊಳ್ಳಿ. ‘ಮದ್ದು ಬಿಡುವವನಿಗೆ ನಾಳೆ ಬೆಳಿಗ್ಗೆ ಏಳಕ್ಕೆ ಫೋನ್ ಮಾಡಬೇಕು, ಮೈಲುತುತ್ತು ಎಷ್ಟಿದೆ ನೋಡಬೇಕು’ ಎಂಬುದು ಕೆಲಸವಿರುವ ಯೋಚನೆ. ‘ಮಳೆ ಹೀಗೇ ಹೊಡೆದರೆ? ಈ ಸಲ ಫಸಲೇ ಹೋದರೆ? ಸಾಲದವರು ಬಂದರೆ?’ ಎಂಬುದರಲ್ಲಿ ಮಾಡುವ ಕೆಲಸ ಯಾವುದೂ ಇಲ್ಲ, ಒಂದು ‘ಆದರೆ’ ಇನ್ನೊಂದು ‘ಆದರೆ’ಯನ್ನು ಹೆರುತ್ತಾ ಹೋಗುತ್ತದೆ. ಮೂರನೆಯ ಜಾತಿ ಹಿಂದಿನದನ್ನು ಕೆದಕುವುದು: ‘ಮದುವೆಮನೆಯಲ್ಲಿ ಅತ್ತಿಗೆ ಹಾಗೆ ಯಾಕೆ ಅಂದಳು, ನಾನು ಯಾಕೆ ಸುಮ್ಮನಿದ್ದೆ.’ ಮೊದಲನೆಯದಕ್ಕೆ ಕಾಗದ ಬೇಕು, ಎರಡನೆಯದಕ್ಕೆ ಕಾಗದದ ಜೊತೆಗೆ ಮೈಯೂ ಸೇರಬೇಕು. ಮೂರನೆಯದನ್ನು ಬರೆಯುತ್ತಾ ಕುಳಿತರೆ ಗಾಯ ಕೆರೆದಂತಾಗುವುದೇ ಹೆಚ್ಚು. ಅದಕ್ಕೆ ಗಮನವನ್ನು ಹಿಡಿದಿಡುವ ಕೆಲಸವೇ ಬೇಕು.

ಎರಡನೆಯದು, ಹೊತ್ತು. ಮಲಗಿದ ಕೂಡಲೇ ಸುರುವಾಗುತ್ತದೋ, ಮೂರು ಗಂಟೆಗೆ ಎಚ್ಚರವಾದ ಮೇಲೋ, ಹಗಲು ಕೆಲಸದ ನಡುವೆಯೋ? ಮೂರನೆಯದು, ಮನೆಯಲ್ಲಿ ಗುಟ್ಟಿಗೆ ಎಷ್ಟು ಜಾಗವಿದೆ? ಆರು ಮಂದಿಯ ಮನೆಯಲ್ಲಿ ಅರ್ಧ ಗಂಟೆ ಬಾಗಿಲು ಹಾಕಿಕೊಂಡರೆ ಯಾಕೆಂದು ಕೇಳುವವರು ಇದ್ದೇ ಇರುತ್ತಾರೆ. ನಾಲ್ಕನೆಯದು ಖರ್ಚು ಮತ್ತು ದಾರಿ: ಅಡೂರು, ಮುಳ್ಳೇರಿಯದ ಕಡೆಯಿಂದ ಮಂಗಳೂರಿಗೆ ಹೋಗಿ ಬರುವುದೆಂದರೆ ಬಸ್ ಚಾರ್ಜಿನ ಜೊತೆ ಒಂದು ದಿನದ ಸಂಬಳವೂ ಹೋಯಿತು.

ಐದನೆಯದನ್ನು ಗಡಿನಾಡಿನ ನಾವು ಮಾತ್ರ ಕೇಳಿಕೊಳ್ಳಬೇಕಾದೀತು. ನಿಮ್ಮ ಮಂಡೆಬಿಸಿ ಯಾವ ಭಾಷೆಯಲ್ಲಿ ಬರುತ್ತದೆ? ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಕೊಂಕಣಿಯೋ, ಶಾಲೆಯಲ್ಲಿ ಕಲಿತದ್ದು ಕನ್ನಡ, ಕಾಸರಗೋಡು ಕೇರಳಕ್ಕೆ ಸೇರಿದ 1956ರಿಂದೀಚೆಗೆ ಕಚೇರಿಯ ಮಾತು ಮಲಯಾಳ. ನಡಿಗೆಗೆ ಭಾಷೆ ಬೇಡ. ಮಾತಿನಿಂದ ಮಾಡುವ ಚಿಕಿತ್ಸೆಗೆ ಭಾಷೆಯೇ ಸರ್ವಸ್ವ.

ಕೊನೆಯದು ಆಳ. ಆರು ತಿಂಗಳಿಂದ, ಹೆಚ್ಚುಕಡಿಮೆ ದಿನಾ, ಹತ್ತಾರು ವಿಷಯಗಳ ಬಗ್ಗೆ ನಿಲ್ಲಿಸಲಾಗದ ಚಿಂತೆ. ಅದರ ಜೊತೆಗೆ ಚಡಪಡಿಕೆ, ಬೇಗ ದಣಿವು, ಗಮನ ನಿಲ್ಲದಿರುವುದು, ಸಿಡುಕು, ಮೈ ಬಿಗಿತ, ನಿದ್ದೆಗೇಡು ಇವುಗಳಲ್ಲಿ ಮೂರಾದರೂ ಇದ್ದು, ಮನೆ ಕೆಲಸಕ್ಕೋ ದುಡಿಮೆಗೋ ಅಡ್ಡಿಯಾಗುತ್ತಿದೆ ಎಂದಾದರೆ ಅದು ಸ್ವಭಾವದ ಮಾತಲ್ಲ. ವೈದ್ಯರು ಅದನ್ನು ಆತಂಕದ ಕಾಯಿಲೆ ಎಂದು ಗುರುತಿಸುತ್ತಾರೆ, ಅದಕ್ಕೆ ಚಿಕಿತ್ಸೆ ಇದೆ. ಅಂಥವರು ಕೆಳಗಿನ ಮನೆಮಟ್ಟದ ದಾರಿಗಳನ್ನು ಚಿಕಿತ್ಸೆಯ ಜೊತೆಗೆ ಮಾಡಲಿ, ಚಿಕಿತ್ಸೆಯ ಬದಲಿಗೆ ಬೇಡ.

ಇನ್ನೊಂದು ವಿಷಯ ಎಲ್ಲ ದಾರಿಗೂ ಸೇರಿದ್ದು. ಯೋಚನೆಯನ್ನು ಬಲವಂತದಿಂದ ನಿಲ್ಲಿಸಲು ಹೋಗಬೇಡಿ. 1987ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಡೇನಿಯಲ್ ವೆಗ್ನರ್ ಮತ್ತು ಜೊತೆಗಾರರು ಕೆಲವರಿಗೆ ಬಿಳಿ ಕರಡಿಯನ್ನು ನೆನೆಸಬೇಡಿ, ನೆನಪಾದರೆ ಗಂಟೆ ಬಾರಿಸಿ ಎಂದರು. ಅವರು ಬಾರಿಸುತ್ತಲೇ ಇದ್ದರು. ಆಮೇಲೆ ‘ಈಗ ಬೇಕಾದರೆ ನೆನೆಸಿ’ ಎಂದಾಗ, ಮೊದಲಿನಿಂದಲೇ ನೆನೆಸಲು ಬಿಟ್ಟಿದ್ದವರಿಗಿಂತಲೂ ಹೆಚ್ಚು ಸಲ ಕರಡಿ ಅವರ ತಲೆಗೆ ಬಂತು. ಹಾಗಾಗಿ ಕೆಳಗಿನ ಯಾವ ದಾರಿಯೂ ‘ಯೋಚಿಸಬೇಡ’ ಎಂದು ಹೇಳುವುದಿಲ್ಲ. ಯೋಚನೆಗೆ ಬೇರೆ ಹೊತ್ತು ಕೊಡುತ್ತದೆ, ಇಲ್ಲವೇ ಗಮನಕ್ಕೆ ಬೇರೆ ಜಾಗ ಕೊಡುತ್ತದೆ.

ಬರವಣಿಗೆ ಮತ್ತು ‘ಚಿಂತೆಯ ಹೊತ್ತು’

ಖರ್ಚು ಒಂದು ನೋಟ್‌ಬುಕ್ಕಿನದು. ಗುಟ್ಟು ಬೇಕು, ಮಲಯಾಳ ಬೇಡ. ಕೆಲಸವಿರುವ ಯೋಚನೆಗೂ ‘ಆದರೆ’ಗಳಿಗೂ ಮೊದಲು ಕೈಗೆತ್ತಿಕೊಳ್ಳಬೇಕಾದದ್ದು ಇದನ್ನೇ ಎಂಬುದು ನಮ್ಮ ಅಭಿಪ್ರಾಯ.

ಮಾಡುವ ರೀತಿ ಹೀಗೆ. ದಿನಕ್ಕೊಂದು ಹೊತ್ತು ಗೊತ್ತು ಮಾಡಿ, 20 ನಿಮಿಷ, ದಿನಾ ಒಂದೇ ಜಾಗ. ಸಂಜೆ ಐದೂವರೆಗೆ ಜಗಲಿಯ ತುದಿ ಆದೀತು. ಮಲಗುವ ಕೋಣೆ ಬೇಡ, ಮಲಗುವ ಎರಡು ಗಂಟೆಯೊಳಗಿನ ಹೊತ್ತೂ ಬೇಡ. ಹಗಲು ಚಿಂತೆ ಬಂದಾಗ ಚೀಟಿಯಲ್ಲಿ ಎರಡೇ ಪದ ಬರೆಯಿರಿ: ‘ಚಿನ್ನ, ಗಡುವು’. ಮನಸ್ಸಿಗೆ ‘ಐದೂವರೆಗೆ ನೋಡುವ’ ಎಂದು ಹೇಳಿ ಕೈಯಲ್ಲಿದ್ದ ಕೆಲಸಕ್ಕೆ ಮರಳಿ. ಐದೂವರೆಗೆ ಚೀಟಿ ತೆಗೆದು ಪುಟದ ನಡುವೆ ಗೆರೆ ಎಳೆಯಿರಿ. ಎಡಕ್ಕೆ ನನ್ನ ಕೈಯಲ್ಲಿರುವುದು, ಬಲಕ್ಕೆ ಇಲ್ಲದ್ದು. ಎಡಬದಿಯ ಪ್ರತಿಯೊಂದರ ಮುಂದೆ ಮೊದಲ ಹೆಜ್ಜೆ ಮತ್ತು ದಿನ ಬರೆಯಿರಿ: ‘ಸೋಮವಾರ ಹತ್ತಕ್ಕೆ ಬ್ಯಾಂಕಿಗೆ ಹೋಗಿ ಬಡ್ಡಿ ಎಷ್ಟೆಂದು ಕೇಳುವುದು’. ‘ಸಾಲದ ಬಗ್ಗೆ ಏನಾದರೂ ಮಾಡುವುದು’ ಎಂದು ಬರೆದರೆ ಅದು ಹೆಜ್ಜೆಯಲ್ಲ, ಅದೇ ಚಿಂತೆ ಅಂಗಿ ಬದಲಿಸಿ ಬಂದದ್ದು. ಬಲಬದಿಯದ್ದನ್ನು ಬರೆದು ಅಷ್ಟಕ್ಕೇ ಬಿಡಿ. ಅಲಾರಂ ಹೊಡೆದಾಗ ಪುಸ್ತಕ ಮುಚ್ಚಿ ಏಳಿ, ವಾಕ್ಯ ಅರ್ಧದಲ್ಲಿದ್ದರೂ.

ಎಡವುವುದು ಎಲ್ಲಿ? ಮೊದಲ ವಾರ ‘ಐದೂವರೆಗೆ’ ಎಂದು ಹೇಳಿದರೂ ಯೋಚನೆ ಹತ್ತು ಸಲ ಮರಳಿ ಬರುತ್ತದೆ. ಹತ್ತು ಸಲವೂ ಮುಂದೆ ಹಾಕುವುದೇ ಅಭ್ಯಾಸ, ಅದು ಸೋಲಲ್ಲ. ಆ ಹೊತ್ತಿಗೆ ಚಿಂತಿಸಲು ಏನೂ ಇಲ್ಲವೆನಿಸಿ ಕೂರುವುದನ್ನೇ ಬಿಡುವವರಿದ್ದಾರೆ. ಬಿಟ್ಟರೆ ಮುಂದಿನ ಸಲ ‘ಐದೂವರೆಗೆ’ ಎಂದಾಗ ಮನಸ್ಸು ನಂಬುವುದಿಲ್ಲ. ಚೀಟಿ ಖಾಲಿಯಿದ್ದರೂ ಐದು ನಿಮಿಷ ಕೂತು ಏಳಿ. ಪುಸ್ತಕ ಯಾರಾದರೂ ಓದಿಬಿಟ್ಟಾರು ಎಂಬ ಅಂಜಿಕೆಯಿದ್ದರೆ ಬಿಡಿ ಹಾಳೆಯಲ್ಲಿ ಬರೆದು, ಎಡಬದಿಯನ್ನು ಹರಿದಿಟ್ಟುಕೊಂಡು ಉಳಿದದ್ದನ್ನು ಒಲೆಗೆ ಹಾಕಿ.

ಮಲಗಿದ ಕೂಡಲೇ ಯೋಚನೆ ಹತ್ತುವವರಿಗೆ ಇದರದ್ದೇ ಒಂದು ಚಿಕ್ಕ ರೂಪವಿದೆ. ಮಲಗುವ ಮುನ್ನ ಐದು ನಿಮಿಷ, ನಾಳೆ ಮತ್ತು ಮುಂದಿನ ಕೆಲವು ದಿನ ಮಾಡಬೇಕಾದ ಕೆಲಸಗಳ ಪಟ್ಟಿ. ಅಮೆರಿಕದ ಬೇಲರ್ ವಿಶ್ವವಿದ್ಯಾಲಯದವರು 2018ರಲ್ಲಿ 57 ಮಂದಿ ಯುವಕ ಯುವತಿಯರ ಮೇಲೆ ಇದನ್ನು ಪರೀಕ್ಷಿಸಿದ್ದರು. ಮಾಡಬೇಕಾದ ಕೆಲಸ ಬರೆದವರು, ಮಾಡಿ ಮುಗಿಸಿದ್ದನ್ನು ಬರೆದವರಿಗಿಂತ ಸುಮಾರು ಒಂಬತ್ತು ನಿಮಿಷ ಬೇಗ ನಿದ್ದೆ ಹೋದರು, ಪಟ್ಟಿ ವಿವರವಾದಷ್ಟೂ ಬೇಗ. ಸಣ್ಣ ಅಧ್ಯಯನ. ಆದರೂ ಐದು ನಿಮಿಷಕ್ಕೆ ಒಂಬತ್ತು ನಿಮಿಷ ಸಿಗುವುದಾದರೆ ಮಾಡಿ ನೋಡುವುದಕ್ಕೆ ನಷ್ಟವಿಲ್ಲ.

ಉಸಿರು, ಮೈ ಸಡಿಲಿಕೆ

ಬರವಣಿಗೆ ಫಲ ಕೊಡಲು ವಾರಗಳು ಬೇಕು, ಉಸಿರು ನಿಮಿಷಗಳಲ್ಲಿ ಕೊಡುತ್ತದೆ. ಆದರೆ ಆ ಫಲ ಹೆಚ್ಚು ಹೊತ್ತು ನಿಲ್ಲುವುದಿಲ್ಲ, ಸಾಲದ ಗಡುವೂ ಮುಂದೆ ಹೋಗುವುದಿಲ್ಲ. ಎದೆ ಡವಗುಟ್ಟುವುದು, ಹೊಟ್ಟೆ ಕಿವುಚುವುದು, ಕುತ್ತಿಗೆ ಬಿಗಿಯುವುದು ಯೋಚನೆಯ ಜೊತೆ ಬರುತ್ತಿದ್ದರೆ ಇದನ್ನು ಆರಿಸಿ. ಬಸ್ಸಿನಲ್ಲಿ ಕೂತೂ ಮಾಡಬಹುದು, ಯಾರಿಗೂ ಗೊತ್ತಾಗುವುದಿಲ್ಲ.

ಮೂಗಿನಿಂದ ನಾಲ್ಕು ಎಣಿಸುವಷ್ಟು ಹೊತ್ತು ಒಳಕ್ಕೆ, ಆರು ಎಣಿಸುವಷ್ಟು ಹೊರಕ್ಕೆ. ಅಲ್ಲಿಗೆ ನಿಮಿಷಕ್ಕೆ ಆರು ಉಸಿರು. ಹೊಟ್ಟೆಯ ಮೇಲಿಟ್ಟ ಕೈ ಏಳಬೇಕು, ಎದೆಯ ಮೇಲಿನದ್ದು ಹೆಚ್ಚು ಏಳಬಾರದು. ದಿನಕ್ಕೆ ಹತ್ತು ನಿಮಿಷ. ಎಲ್ಲರೂ ಮಾಡುವ ತಪ್ಪು ಒಂದೇ: ನಿಧಾನ ಎಂದರೆ ದೊಡ್ಡದು ಎಂದುಕೊಂಡು ಎದೆ ತುಂಬ ಎಳೆಯುವುದು. ಆಗ ರಕ್ತದಲ್ಲಿ ಇಂಗಾಲದ ಡೈಆಕ್ಸೈಡು ಇಳಿದು ತಲೆ ಹಗುರಾಗುತ್ತದೆ, ಬೆರಳ ತುದಿ ಜುಮುಜುಮು ಎನ್ನುತ್ತದೆ. ‘ಏನೋ ಆಯಿತು’ ಎಂಬ ಹೆದರಿಕೆ ಆಗ ಇನ್ನೊಂದು. ಉಸಿರು ಸಣ್ಣದಿರಲಿ, ಮೃದುವಿರಲಿ. ಕಪಾಲಭಾತಿ, ಭಸ್ತ್ರಿಕದಂಥ ವೇಗದ ಕ್ರಿಯೆಗಳನ್ನು ಈ ಉದ್ದೇಶಕ್ಕೆ ನಾವು ಹೇಳುವುದಿಲ್ಲ. ಗಾಬರಿಯ ಸ್ವಭಾವದವರಿಗೆ ಅವು ಗಾಬರಿ ಹೆಚ್ಚಿಸಬಹುದು. ಬಿಪಿ ಇರುವವರು, ಹೃದಯದ ತೊಂದರೆ ಇರುವವರು, ಬಸುರಿಯರು ಅವನ್ನೂ ಉಸಿರು ಬಿಗಿ ಹಿಡಿಯುವುದನ್ನೂ ಬಿಡಬೇಕು.

ಉಸಿರಿನ ಕಡೆ ಗಮನ ಕೊಟ್ಟರೇ ಉಸಿರು ಕಟ್ಟಿದಂತಾಗುವವರಿದ್ದಾರೆ. ಅವರು ಮೈ ಸಡಿಲಿಕೆ ಹಿಡಿಯಲಿ. ಮುಷ್ಟಿ ಐದು ಸೆಕೆಂಡು ಬಿಗಿ, ಇಪ್ಪತ್ತು ಸೆಕೆಂಡು ಬಿಡು. ಆಮೇಲೆ ತೋಳು, ಹಣೆ, ದವಡೆ, ಹೆಗಲು, ಹೊಟ್ಟೆ, ತೊಡೆ, ಮೀನಖಂಡ. ಹದಿನೈದು ನಿಮಿಷ ಹಿಡಿಯುತ್ತದೆ. ಶಕ್ತಿಯ ಮುಕ್ಕಾಲು ಪಾಲಷ್ಟೇ ಬಿಗಿ ಮಾಡಿ, ಪೂರ್ತಿ ಹಾಕಿದರೆ ಮೀನಖಂಡ ಸೆಳೆದೀತು. ದಿನವಿಡೀ ತೋಟದಲ್ಲಿ ದುಡಿದವರಿಗೆ ರಾತ್ರಿ ಕೂತು ಧ್ಯಾನ ಮಾಡುವುದಕ್ಕಿಂತ ಇದು ಹತ್ತಿರದ್ದಾಗುತ್ತದೆ.

ಜಪ, ಭಜನೆ, ಧ್ಯಾನ

ಇವು ಮೂರೂ ಒಂದೇ ಗುಂಪಿನವಾದರೂ ಅತಿಯಾಗಿ ಯೋಚಿಸುವವರಿಗೆ ಒಂದೇ ಅಲ್ಲ.

ಜಪದಲ್ಲಿ ಬಾಯಿಗೆ ಪದವಿದೆ, ಬೆರಳಿಗೆ ಮಣಿಯಿದೆ, ಕಿವಿಗೆ ಸದ್ದಿದೆ. ಗಮನ ಹಾರಿದರೆ ಮರಳಿ ಕಟ್ಟಲು ಮೂರು ಗೂಟ. ಸುಮ್ಮನೆ ಕಣ್ಣು ಮುಚ್ಚಿ ಕೂತಾಗ ಇರುವುದು ಒಂದೇ ಗೂಟ, ಉಸಿರು. ಹೊಸಬರಿಗೆ, ಅದರಲ್ಲೂ ತಲೆ ಜೋರಾಗಿ ಓಡುವವರಿಗೆ, ಜಪ ಸುಲಭವಾಗುವುದು ಇದಕ್ಕೇ. ಉಸಿರಿಗೂ ಜಪಕ್ಕೂ ನಂಟಿದೆ. ಇಟಲಿಯ ಸಂಶೋಧಕರು 2001ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜಪಮಾಲೆ ಹಿಡಿದು ಮೇರಿಯ ಪ್ರಾರ್ಥನೆ ಹೇಳುವಾಗಲೂ ಮಂತ್ರ ಹೇಳುವಾಗಲೂ ಉಸಿರು ತಾನಾಗಿ ನಿಮಿಷಕ್ಕೆ ಆರರ ಆಸುಪಾಸಿಗೆ ಇಳಿಯುವುದು ಕಂಡಿತ್ತು. ಮೇಲೆ ಹೇಳಿದ ನಾಲ್ಕು ಆರರ ಲೆಕ್ಕಕ್ಕೆ ಜಪದವರು ಎಣಿಸದೆಯೇ ಬಂದು ಮುಟ್ಟುತ್ತಾರೆ. ಆದರೆ ಸಾಲು ನಿಧಾನವಾಗಿರಬೇಕು. ಹೊತ್ತಾಯಿತೆಂದು 108ನ್ನು ಓಡಿಸಿದರೆ ಉಸಿರೂ ಓಡುತ್ತದೆ.

ಕಾಞಂಗಾಡಿನಲ್ಲಿ ಸ್ವಾಮಿ ರಾಮದಾಸರು, ಮಾತಾ ಕೃಷ್ಣಾಬಾಯಿಯವರು 1931ರಲ್ಲಿ ಕಟ್ಟಿದ ಆನಂದಾಶ್ರಮವಿದೆ, ಅಲ್ಲಿ ರಾಮನಾಮ ನಡೆಯುತ್ತಲೇ ಇರುತ್ತದೆ. ಒಬ್ಬರೇ ಕೂತರೆ ಮನಸ್ಸು ನಿಲ್ಲದವರು ಒಂದು ದಿನ ಹೋಗಿ ಆ ಸದ್ದಿನೊಳಗೆ ಕೂತು ನೋಡಬಹುದು. ಅಷ್ಟು ದೂರ ಬೇಡದವರಿಗೆ ಊರ ಭಜನಾ ಮಂದಿರವಿದೆ. ತಾಳ ಹಿಡಿದು ಹತ್ತು ಮಂದಿಯ ಜೊತೆ ಹಾಡುವಾಗ ಲಯ ತಪ್ಪಬಾರದೆಂಬ ಎಚ್ಚರವೇ ಯೋಚನೆಗೆ ಜಾಗ ಕೊಡುವುದಿಲ್ಲ. ಜೊತೆಗೆ ಜನರ ಮುಖ ನೋಡಿದಂತೆಯೂ ಆಗುತ್ತದೆ. ಬ್ಯಾರಿ ಮನೆಗಳಲ್ಲಿ ದ್ಸಿಕ್ರ್ (ದೇವರ ನಾಮಸ್ಮರಣೆ), ಕ್ರೈಸ್ತ ಮನೆಗಳಲ್ಲಿ ಜಪಸರ ಇದೇ ಕೆಲಸ ಮಾಡುತ್ತವೆ. ನಂಬಿಕೆ ಇಲ್ಲದವರು ಒಲ್ಲದ ಮನಸ್ಸಿನಿಂದ ಜಪ ಮಾಡಬೇಕಿಲ್ಲ, ಉಸಿರು ಎಣಿಸಿದರೆ ಸಾಕು.

ಜಪದಲ್ಲಿ ಒಂದು ಅಪಾಯವಿದೆ, ಅದನ್ನು ಹೇಳುವವರು ಕಡಿಮೆ. ಎಣಿಕೆ ತಪ್ಪಿತು, ಮೊದಲಿನಿಂದ ಸುರು ಮಾಡಬೇಕು. ಉಚ್ಚಾರ ಸರಿಯಾಗಲಿಲ್ಲ, ಮತ್ತೊಮ್ಮೆ. ಇವತ್ತು ಬಿಟ್ಟರೆ ಮಕ್ಕಳಿಗೇನಾದರೂ ಆದೀತು. ಹೀಗಾದರೆ ಜಪ ಚಿಂತೆಯನ್ನು ಆರಿಸುತ್ತಿಲ್ಲ, ಅದಕ್ಕೆ ಸೌದೆ ಹಾಕುತ್ತಿದೆ. ಇದು ಗೀಳಿನ ಲಕ್ಷಣ ಇರಬಹುದು. ಭಕ್ತಿ ಕಡಿಮೆಯಾಯಿತೆಂದು ಸಂಖ್ಯೆ ಹೆಚ್ಚಿಸಿದಷ್ಟೂ ಬಿಗಿಯುತ್ತದೆ. ಇದಕ್ಕೆ ಬೇರೆಯೇ ಚಿಕಿತ್ಸೆಯಿದೆ, ಮನೋವೈದ್ಯರಿಗೆ ತೋರಿಸಬೇಕು. ದೇವರ ವಿಷಯವನ್ನು ಡಾಕ್ಟರಲ್ಲಿ ಹೇಗೆ ಹೇಳುವುದೆಂದು ವರ್ಷಗಟ್ಟಲೆ ಅಡಗಿಸಿಡುವವರಿಗೆ ಇದನ್ನು ಒತ್ತಿ ಹೇಳುತ್ತಿದ್ದೇವೆ: ಡಾಕ್ಟರಿಗೆ ಇದು ಹೊಸ ಕಾಯಿಲೆಯಲ್ಲ, ಅವರು ನಿಮ್ಮ ಭಕ್ತಿಯನ್ನು ಕಿತ್ತುಕೊಳ್ಳುವುದೂ ಇಲ್ಲ.

ಧ್ಯಾನಕ್ಕೆ ತಾಳ್ಮೆ ಬೇಕು. ಜಾನ್ ಕಬಟ್ ಜಿನ್ 1979ರಲ್ಲಿ ಅಮೆರಿಕದ ಆಸ್ಪತ್ರೆಯೊಂದರಲ್ಲಿ ಸುರು ಮಾಡಿದ, ಇಂದು ಹಲವೆಡೆ ನಡೆಯುವ ಧ್ಯಾನಕ್ರಮ ಎಂಟು ವಾರಗಳದ್ದು. ಎಂಟು ದಿನಕ್ಕೆ ಫಲ ಕೇಳಬಾರದು. ಹತ್ತು ನಿಮಿಷದಿಂದ ತೊಡಗಿ. ಮನಸ್ಸು ಐವತ್ತು ಸಲ ಹೋಗಿ ಐವತ್ತು ಸಲ ಮರಳಿದರೆ ಅಂದಿನ ಧ್ಯಾನ ಚೆನ್ನಾಗಿ ಆಯಿತೆಂದೇ ಲೆಕ್ಕ, ಮರಳುವುದೇ ಅಲ್ಲಿ ಕಲಿಯುವ ವಿದ್ಯೆ. ಹತ್ತು ದಿನದ ಮೌನ ವಿಪಶ್ಯನಾ ಶಿಬಿರಕ್ಕೆ ಶುಲ್ಕವಿಲ್ಲ ಎಂಬ ಆಕರ್ಷಣೆಯಿದೆ. ದಿನಕ್ಕೆ ಸುಮಾರು ಹತ್ತು ಗಂಟೆ ಕೂರಬೇಕು, ಫೋನಿಲ್ಲ, ಮಾತಿಲ್ಲ. ತೀವ್ರ ಖಿನ್ನತೆ ಇರುವವರು, ಹಿಂದೆ ಮತಿಭ್ರಮೆ ಆಗಿದ್ದವರು, ಈಗಷ್ಟೇ ಮಾತ್ರೆ ಸುರು ಮಾಡಿದವರು ಡಾಕ್ಟರನ್ನು ಕೇಳದೆ ಹೋಗಬಾರದು. ಉಳಿದವರೂ ಮನೆಯಲ್ಲಿ ಎರಡು ತಿಂಗಳು ಕೂತು ನೋಡಿದ ಮೇಲೆ ಹೋಗುವುದು ಲೇಸು.

ನಡಿಗೆ ಮತ್ತು ಕೈಕೆಲಸ

ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಿನ ನಡಿಗೆಯಂಥ ಚಟುವಟಿಕೆ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಐದು ದಿನ ಅರ್ಧರ್ಧ ಗಂಟೆ. ಮಾತಾಡಲು ಬರಬೇಕು, ಹಾಡಲು ಬರಬಾರದು, ಅಷ್ಟು ವೇಗ. ನಮ್ಮಲ್ಲಿ ಜೂನಿನಿಂದ ಸೆಪ್ಟೆಂಬರಿನವರೆಗೆ ಈ ಅಭ್ಯಾಸ ಮುರಿಯುತ್ತದೆ. ಮಂಡೆಬಿಸಿ ಹೆಚ್ಚುವುದೂ ಆಗಲೇ: ಕತ್ತಲೆ, ಕರೆಂಟಿಲ್ಲ, ಹೊರಗೆ ಹೋಗಲಿಕ್ಕಿಲ್ಲ, ತೋಟದ ಹೆದರಿಕೆ. ಮಳೆಗಾಲಕ್ಕೆಂದೇ ಮನೆಯೊಳಗಿನ ಒಂದು ಕ್ರಮ ಮೊದಲೇ ಗೊತ್ತಿರಲಿ, ಜಗಲಿಯಲ್ಲಿ ಹತ್ತು ನಿಮಿಷದ ಮೂರು ಸುತ್ತು, ಇಲ್ಲವೇ ಹನ್ನೆರಡು ಸೂರ್ಯನಮಸ್ಕಾರ.

‘ದಿನವಿಡೀ ದುಡಿಯುತ್ತೇನೆ, ಆದರೂ ಯಾಕೆ ಮಂಡೆಬಿಸಿ’ ಎಂದು ಕೇಳುವವರಿಗೆ ಉತ್ತರ ಅವರ ಕೈಯಲ್ಲೇ ಇದೆ. ಅಡಿಕೆ ಸುಲಿಯುವವರ ಕೈ ನೋಡಿ. ಕಾಯಿ ಎತ್ತುತ್ತದೆ, ಸಿಪ್ಪೆ ಸೀಳುತ್ತದೆ, ಅಡಿಕೆ ಈ ಕಡೆ, ಸಿಪ್ಪೆ ಆ ಕಡೆ. ಗಂಟೆಗಟ್ಟಲೆ ತಪ್ಪದೆ ನಡೆಯುವ ಆ ಕೆಲಸಕ್ಕೆ ತಲೆ ಬೇಕಿಲ್ಲ. ಖಾಲಿ ಬಿದ್ದ ತಲೆಯಲ್ಲಿ ಹಳೆಯ ಜಗಳ ಬಂದು ಕೂರುತ್ತದೆ. ಪಾತ್ರೆ ತಿಕ್ಕುವುದು, ಬೀಡಿ ಕಟ್ಟುವುದು, ಹುಲ್ಲು ಹೆರೆಯುವುದು ಎಲ್ಲ ಹೀಗೆಯೇ. ಹಿಂದಿನದನ್ನು ಕೆದಕುವ ಯೋಚನೆಗೆ ಬೇಕಾದದ್ದು ಕೈಗೆ ಇನ್ನೂ ಬಾರದ ಕೆಲಸ. ಯಕ್ಷಗಾನ ಕವಿ ಪಾರ್ತಿಸುಬ್ಬನ ನಾಡಿನಲ್ಲಿ ಅದಕ್ಕೆ ಬರಗಾಲವಿಲ್ಲ: ಚೆಂಡೆ ಮದ್ದಳೆಯ ಪಾಠಕ್ಕೆ ಸೇರುವುದು, ತಾಳಮದ್ದಳೆಯ ಅರ್ಥಕ್ಕೆ ತಯಾರಾಗುವುದು. ಕಸೂತಿಯ ಹೊಸ ಮಾದರಿ, ಮಕ್ಕಳ ಜೊತೆ ಚೆಸ್ ಕೂಡ ಆದೀತು. ಸುಲಿಯುವುದು ತಪ್ಪಿಸಲಾಗದಿದ್ದರೆ ಒಬ್ಬರೇ ಕೂರದೆ ಜೊತೆ ಹುಡುಕಿ, ಇಲ್ಲವೇ ಅರ್ಥಗಾರಿಕೆಯ ಧ್ವನಿಮುದ್ರಣ ಹಾಕಿಕೊಂಡು ವಾದ ಹಿಡಿದು ಕೇಳಿ.

ಕಡಿಮೆ ಮಾತಿನಲ್ಲಿ ಮುಗಿಯುವವು

ಕಾಫಿ, ಚಹಾ: ಕೆಫೀನಿನ ಅರ್ಧ ಭಾಗ ಮೈಯಿಂದ ಹೋಗಲು ಸುಮಾರು ಐದು ಗಂಟೆ ಬೇಕು. ಸಂಜೆ ಐದರ ಕಾಫಿಯ ಅರ್ಧ ರಾತ್ರಿ ಹತ್ತಕ್ಕೂ ಒಳಗಿರುತ್ತದೆ. ಮಧ್ಯಾಹ್ನ ಎರಡರ ನಂತರ ಬಿಡಿ. ಊಟದ ಮೇಲಿನ ಎಲೆಯಡಿಕೆಯಲ್ಲೂ ಮೈ ಎಚ್ಚರಿಸುವ ಗುಣವಿದೆ. ಕುಡಿತ ಬೇಗ ಮಲಗಿಸಿ ನಡುರಾತ್ರಿಯ ಮೇಲೆ ಎಬ್ಬಿಸುತ್ತದೆ.

ತಿಮರೆ (ಒಂದೆಲಗ) ತಂಬುಳಿ ಒಳ್ಳೆಯ ಊಟ, ಉಣ್ಣಿ. ಮಂಡೆಬಿಸಿಯ ಮದ್ದೆಂದು ಅದನ್ನೇ ನೆಚ್ಚಬೇಡಿ. ಅಶ್ವಗಂಧವನ್ನು ಥೈರಾಯ್ಡ್, ಲಿವರಿನ ತೊಂದರೆ ಇರುವವರು, ಬಸುರಿಯರು ತಾವಾಗಿ ತೆಗೆದುಕೊಳ್ಳಬಾರದು.

ಧ್ಯಾನದ ಆ್ಯಪಿಗೆ ವರ್ಷದ ಚಂದಾ ಕಟ್ಟುವುದಕ್ಕಿಂತ ಫೋನಿನ ಟೈಮರ್ ಸಾಕು. ರಾತ್ರಿ ಹಾಸಿಗೆಗೆ ಫೋನ್ ತರಲು ಅದೊಂದು ನೆವವಾಗುವುದೇ ಅದರ ದೊಡ್ಡ ದೋಷ.

ಮೂರು ಗಂಟೆಗೆ ಎಚ್ಚರವಾಗುವವರು ಗಡಿಯಾರ ನೋಡಬೇಡಿ. ಇಪ್ಪತ್ತು ನಿಮಿಷವಾಯಿತೆನಿಸಿದರೆ ಎದ್ದು ಬೇರೆ ಕಡೆ ಮಂದ ಬೆಳಕಿನಲ್ಲಿ ಕೂತು, ನಿದ್ದೆ ತೂಗಿದಾಗಲೇ ಮರಳಿ. ಹಾಸಿಗೆಯಲ್ಲೇ ಹೊರಳಾಡುತ್ತಾ ಯೋಚಿಸಿದರೆ ಹಾಸಿಗೆ ಕಂಡಾಗೆಲ್ಲ ಯೋಚಿಸುವ ಅಭ್ಯಾಸ ಬಲಿಯುತ್ತದೆ.

ಮಾತು: ಆಪ್ತರಿಂದ ತಜ್ಞರವರೆಗೆ

ಆಪ್ತರಲ್ಲಿ ಹೇಳಿಕೊಂಡರೆ ಹಗುರಾಗುತ್ತದೆ ಎಂಬುದು ನಿಜ, ಒಂದು ಮಿತಿಯವರೆಗೆ. ‘ಹಾಗೇನೂ ಆಗಲಿಕ್ಕಿಲ್ಲ ಅಲ್ವಾ?’ ಎಂದು ದಿನಕ್ಕೆ ನಾಲ್ಕು ಸಲ ಕೇಳಿ, ‘ಇಲ್ಲ ಮಾರಾಯ್ತಿ’ ಎಂಬ ಉತ್ತರ ಪಡೆದರೆ ಸಮಾಧಾನ ಅರ್ಧ ಗಂಟೆ ನಿಲ್ಲುತ್ತದೆ, ಮತ್ತೆ ಕೇಳಬೇಕೆನಿಸುತ್ತದೆ. ಅಕ್ಕ ತಂಗಿ ಇಬ್ಬರೂ ಫೋನಿನಲ್ಲಿ ಅದೇ ಜಗಳವನ್ನು ಹಿಂದೆ ಮುಂದೆ ಮಾಡಿದರೆ ಇಬ್ಬರಿಗೂ ಬಿಸಿ. ಆಪ್ತರಲ್ಲಿ ಮಾತಾಡುವಾಗ ಮೊದಲೇ ಹೇಳಿಬಿಡಿ: ಹತ್ತು ನಿಮಿಷ ಸುಮ್ಮನೆ ಕೇಳು, ಆಮೇಲೆ ನಾಳೆ ಏನು ಮಾಡುವುದೆಂದು ಮಾತ್ರ ಮಾತಾಡುವ.

ಫೋನಿನ ನೆರವಿನಲ್ಲಿ ಟೆಲಿ ಮಾನಸ್ ಮೊದಲು ಬರುತ್ತದೆ. ಕೇಂದ್ರ ಸರಕಾರ 2022ರ ಅಕ್ಟೋಬರ್ 10ರಂದು ಸುರು ಮಾಡಿದ ಸೇವೆ, 14416, ದಿನದ 24 ಗಂಟೆ, ಉಚಿತ. ಭಾಷೆ ಆರಿಸಿಕೊಳ್ಳಬಹುದು, ಕನ್ನಡವೂ ಇದೆ. ಮಲಯಾಳದಲ್ಲಿ ಮನಸ್ಸು ಬಿಚ್ಚಲಾಗದವರಿಗೆ ಇದಕ್ಕಿಂತ ಹತ್ತಿರದ, ಅಗ್ಗದ ಬಾಗಿಲು ಇಲ್ಲ. ಬಸ್ಸು ಬೇಡ, ಚೀಟಿ ಬೇಡ, ‘ಯಾರಾದರೂ ಕಂಡರೆ’ ಎಂಬ ಅಂಜಿಕೆ ಬೇಡ. ಆದರೆ ವಾರವಾರ ಒಬ್ಬರೇ ತಜ್ಞರೊಡನೆ ಸಾಗುವ ಚಿಕಿತ್ಸೆಗೆ ಇದು ಬದಲಿಯಲ್ಲ. ಮುಂದೆ ಎಲ್ಲಿಗೆ ಹೋಗಬೇಕೆಂದು ಕೇಳಿಕೊಳ್ಳಲು ಒಳ್ಳೆಯ ಜಾಗ.

ಸರಕಾರಿ ದಾರಿಯಲ್ಲಿ ಕೇರಳದವರಾಗಿ ನಮಗೊಂದು ಅನುಕೂಲವಿದೆ. ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ತಂಡ ಆರೋಗ್ಯ ಕೇಂದ್ರಗಳಿಗೆ ಬಂದು ತಿಂಗಳ ಕ್ಲಿನಿಕ್ ನಡೆಸುತ್ತದೆ. ಕುಟುಂಬ ಆರೋಗ್ಯ ಕೇಂದ್ರಗಳಲ್ಲಿ ‘ಆಶ್ವಾಸಂ’ ಹೆಸರಿನಲ್ಲಿ ಖಿನ್ನತೆಯ ತಪಾಸಣೆಯಿದೆ. ನಿಮ್ಮಲ್ಲಿ ಯಾವ ದಿನವೆಂದು ಆಶಾ ಕಾರ್ಯಕರ್ತೆಯಲ್ಲಿ ಕೇಳಿ. ಖರ್ಚು ತೀರಾ ಕಡಿಮೆ, ಮಾತಿಗೆ ಸಿಗುವ ಹೊತ್ತೂ ಕಡಿಮೆ, ಭಾಷೆ ಹೆಚ್ಚಾಗಿ ಮಲಯಾಳ. ಅದಕ್ಕೆ ಚೀಟಿ ಬರೆದುಕೊಂಡು ಹೋಗಿ. ‘ಬೇಜಾರು’ ಎಂಬ ಪದವನ್ನೇ ನೋಡಿ. ನಮ್ಮಲ್ಲಿ ಅದು ದುಃಖ, ಬೇರೆಡೆಯ ಕನ್ನಡದಲ್ಲಿ ಬೇಸರ, ಮಲಯಾಳದ ಡಾಕ್ಟರಿಗೆ ಏನೂ ಅಲ್ಲದಿರಬಹುದು. ‘ಮಂಡೆಬಿಸಿ’ ಎಂದರೆ ತಲೆನೋವಿನ ಮಾತ್ರೆ ಬರೆದುಕೊಟ್ಟಾರು. ಪದದ ಬದಲು ಲೆಕ್ಕ ಹೇಳಿ: ನಿದ್ದೆ ಹತ್ತಲು ಎಷ್ಟು ಹೊತ್ತು, ವಾರದಲ್ಲಿ ಎಷ್ಟು ದಿನ, ಎಷ್ಟು ತಿಂಗಳಿಂದ, ಊಟ ಎಷ್ಟಕ್ಕಿಳಿದಿದೆ, ಯಾವ ಕೆಲಸ ನಿಂತಿದೆ. ಲೆಕ್ಕ ಯಾವ ಭಾಷೆಯಲ್ಲೂ ಕೆಡುವುದಿಲ್ಲ.

ಖಾಸಗಿಯಾಗಿ ಮಂಗಳೂರಿಗೋ, ಪೆರ್ಲದ ಕಡೆಯವರಿಗೆ ಹತ್ತಿರವಾಗುವ ಪುತ್ತೂರಿಗೋ ಹೋದರೆ ಕನ್ನಡ, ತುಳು ಸಿಗುತ್ತದೆ, ಹಣ ಹೋಗುತ್ತದೆ. ಆಲೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಚಿಕಿತ್ಸೆ, ಸಿಬಿಟಿ, ಸಾಮಾನ್ಯವಾಗಿ ವಾರಕ್ಕೊಂದರಂತೆ 12ರಿಂದ 16 ಭೇಟಿ. ಎರಡು ಭೇಟಿಗೆ ಮುಗಿಯುತ್ತದೆಂದು ಹೋಗಬೇಡಿ. ಒಟ್ಟು ಎಷ್ಟಾದೀತು, ನಡುವಿನ ಕೆಲವು ಭೇಟಿ ವೀಡಿಯೋ ಕರೆಯಲ್ಲಿ ಆಗುತ್ತದೆಯೇ ಎಂದು ಮೊದಲ ದಿನವೇ ಕೇಳಿ. ಯಾರ ಹತ್ತಿರ ಹೋಗುತ್ತಿದ್ದೇವೆಂಬುದೂ ತಿಳಿದಿರಲಿ. ಸೈಕಿಯಾಟ್ರಿಸ್ಟ್ ಎಂದರೆ ವೈದ್ಯರು, ಮಾತ್ರೆ ಬರೆಯುತ್ತಾರೆ. ಕ್ಲಿನಿಕಲ್ ಸೈಕಾಲಜಿಸ್ಟ್ ಮಾತಿನ ಚಿಕಿತ್ಸೆ ಮಾಡುತ್ತಾರೆ, ಭಾರತೀಯ ಪುನರ್ವಸತಿ ಮಂಡಳಿಯ ನೋಂದಣಿ ಇರಬೇಕು. ‘ಕೌನ್ಸೆಲರ್’ ಎಂಬ ಬೋರ್ಡಿನ ಹಿಂದೆ ಎರಡು ವರ್ಷದ ಓದೂ ಇರಬಹುದು, ಎರಡು ವಾರಾಂತ್ಯದ ತರಬೇತಿಯೂ ಇರಬಹುದು. ಕೇಳುವುದರಲ್ಲಿ ಸಂಕೋಚ ಬೇಡ.

ಮಾತ್ರೆ

ಹೆದರಿಕೆ ಹೆಚ್ಚಾಗಿ ‘ಚಟವಾಗುತ್ತದೆ’ ಎಂಬುದು. ಇಲ್ಲಿ ಎರಡು ಬಗೆಯನ್ನು ಬೇರೆ ಮಾಡಬೇಕು. ಎಸ್ಸಿಟಲೋಪ್ರಾಮ್, ಸರ್ಟ್ರಲೀನ್‌ನಂಥವು ನಿಧಾನದವು. ಎರಡರಿಂದ ಆರು ವಾರಕ್ಕೆ ಫಲ ಕಾಣುತ್ತದೆ, ಮೊದಲ ವಾರ ಹೊಟ್ಟೆ ತೊಳಸುವುದು, ಚಡಪಡಿಕೆ ಇರಬಹುದು. ಇವು ಚಟ ಹಿಡಿಸುವುದಿಲ್ಲ, ಆದರೆ ಒಮ್ಮೆಲೇ ನಿಲ್ಲಿಸಿದರೆ ತಲೆತಿರುಗು, ಕಿರಿಕಿರಿ ಬರಬಹುದು. ‘ಸರಿಯಾಯಿತು’ ಎಂದು ಎರಡನೇ ತಿಂಗಳಿಗೇ ಬಿಡುವುದು ಸಾಮಾನ್ಯ ತಪ್ಪು. ಸುಧಾರಿಸಿದ ಮೇಲೂ ಹಲವು ತಿಂಗಳು ಮುಂದುವರಿಸಿ, ಡಾಕ್ಟರು ಹೇಳಿದಂತೆ ಮೆಲ್ಲನೆ ಇಳಿಸಬೇಕು. ಆಲ್‌ಪ್ರಜೋಲಾಮ್, ಕ್ಲೋನಜೆಪಾಮ್‌ನಂಥವು ಅರ್ಧ ಒಂದು ಗಂಟೆಯಲ್ಲಿ ತಣಿಸುತ್ತವೆ. ಚಟದ ಹೆದರಿಕೆ ಸರಿಯಾಗಿ ಸಲ್ಲುವುದು ಇವಕ್ಕೆ, ಕೆಲವೇ ವಾರಗಳಲ್ಲಿ ಅಭ್ಯಾಸವಾಗಬಹುದು. ನೆರೆಮನೆಯವರ ಪಟ್ಟಿಯಿಂದ ಒಂದು ಹರಿದು ತರುವುದು, ಹಳೆಯ ಚೀಟಿ ತೋರಿಸಿ ಮೆಡಿಕಲ್‌ನಲ್ಲಿ ಕೊಳ್ಳುವುದು ಬೇಡ. ಈಗಾಗಲೇ ತಿಂಗಳುಗಟ್ಟಲೆ ತೆಗೆದುಕೊಂಡಿದ್ದರೆ ತಾವಾಗಿ ನಿಲ್ಲಿಸುವುದೂ ಬೇಡ. ಮಾತ್ರೆಗೆ ಮುನ್ನ ಥೈರಾಯ್ಡ್ ಮತ್ತು ರಕ್ತಹೀನತೆಯ ಪರೀಕ್ಷೆ ಮಾಡಿಸುವುದುಂಟು. ಥೈರಾಯ್ಡ್ ಹೆಚ್ಚಾದರೂ ಎದೆ ಹೊಡೆದುಕೊಂಡು ನಿದ್ದೆ ಕೆಡುತ್ತದೆ.

ಹಾಗಾದರೆ ಯಾರಿಗೆ ಯಾವುದು?

ಕೈಯಲ್ಲಿ ಹಣವಿಲ್ಲ, ದಿನಕ್ಕೆ ಅರ್ಧ ಗಂಟೆ ಸಿಗುತ್ತದೆ, ಚಿಂತೆ ನಾಳೆಯದ್ದು ಎಂಬವರು ಚಿಂತೆಯ ಹೊತ್ತನ್ನೂ ರಾತ್ರಿಯ ಪಟ್ಟಿಯನ್ನೂ ಹಿಡಿಯಲಿ. ಅರ್ಧ ಗಂಟೆಯೂ ಸಿಗದ, ಎಳೆ ಮಗುವಿನ ತಾಯಿಗೆ ಹಾಲು ಕೊಡುವಾಗಿನ ನಾಲ್ಕು ಆರರ ಉಸಿರು ಸಾಕು. ಆದರೆ ಹೆರಿಗೆಯ ನಂತರ ಎರಡು ವಾರ ದಾಟಿದರೂ ಅಳು, ಹೆದರಿಕೆ ನಿಲ್ಲದಿದ್ದರೆ ಕಾಯದೆ ಡಾಕ್ಟರಿಗೆ ಹೇಳಬೇಕು. ಹಳೆಯ ಮಾತನ್ನೇ ಮೆಲುಕು ಹಾಕುವವರಿಗೆ ಬರವಣಿಗೆಗಿಂತ ಭಜನೆ, ಚೆಂಡೆ, ನಡಿಗೆ ಮೇಲು. ಪರೀಕ್ಷೆಗೆ ಓದುವ ಮಕ್ಕಳಿಗೆ ನಡಿಗೆಯೂ ಬರವಣಿಗೆಯೂ ಸೇರಲಿ, ಕಾಫಿ ಇಳಿಯಲಿ. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರ ಚಿಂತೆಗೆ ನಿಜವಾದ ಕಾರಣವಿದೆ, ಅವರಿಗೆ ಧ್ಯಾನ ಹೇಳಿಕೊಡುವುದಕ್ಕೆ ಮೊದಲು ವಾರಕ್ಕೆ ಎರಡು ಮಧ್ಯಾಹ್ನ ಜಾಗ ತುಂಬುವ ಇನ್ನೊಬ್ಬರು ಬೇಕು. ಹಣವಿದೆ, ಹೊತ್ತಿಲ್ಲ ಎಂಬವರಿಗೆ ವೀಡಿಯೋ ಕರೆಯ ಸಿಬಿಟಿ ಸರಿ. ಆರು ತಿಂಗಳು ದಾಟಿದವರಿಗೆ, ಕೆಲಸ ನಿಂತವರಿಗೆ ಡಾಕ್ಟರೇ ಮೊದಲು.

ಆರಿಸಿದ್ದನ್ನು ನಾಲ್ಕು ವಾರ ಮಾಡಿ, ನಡುವೆ ಬದಲಿಸಬೇಡಿ. ಕ್ಯಾಲೆಂಡರಿನ ಚೌಕದಲ್ಲಿ ದಿನಾ ಬೆಳಿಗ್ಗೆ ಎರಡು ಅಂಕಿ ಬರೆಯಿರಿ: ನಿನ್ನೆ ನಿದ್ದೆ ಹತ್ತಲು ಸುಮಾರು ಎಷ್ಟು ನಿಮಿಷ, ನಿನ್ನೆಯ ಮಂಡೆಬಿಸಿ ಹತ್ತರಲ್ಲಿ ಎಷ್ಟು. ಒಂದು ದಿನದ ಅಂಕಿಗೆ ಬೆಲೆ ಕೊಡಬೇಡಿ, ಮೊದಲ ವಾರದ ಸರಾಸರಿಯನ್ನು ನಾಲ್ಕನೆಯದರ ಪಕ್ಕ ಇಡಿ. ಎಂಟಿದ್ದದ್ದು ಆರಕ್ಕೆ ಬಂದಿದ್ದರೆ ದಾರಿ ಸರಿಯಿದೆ, ಮುಂದುವರಿಸಿ. ಎಂಟು ಎಂಟಾಗಿಯೇ ಇದ್ದರೆ ಆ ಕ್ಯಾಲೆಂಡರಿನ ಹಾಳೆ ಹರಿದು ಮಡಚಿ, ಡಾಕ್ಟರಿಗೆ ತೋರಿಸುವ ಚೀಟಿಯ ಜೊತೆಗಿಡಿ.